ಎರಡೂ ಕೈ ಮೇಲೆತ್ತಿ ನಿಂತ ವಿದಾದ್

ಬೆಳಿಗ್ಗೆ ಆರು ಗಂಟೆ. ಸ್ಫಾಕ್ಸ್ ಬಂದರಿನ ಹಿಂದಿರುವ ಕಾಲ್ ಸೆಂಟರಿನಲ್ಲಿ ನೂರನಲವತ್ತು ಕುರ್ಚಿಗಳೂ ಖಾಲಿ. ವಿದಾದ್ ಒಬ್ಬರೇ ಹೆಡ್‌ಸೆಟ್ ಹಾಕಿಕೊಂಡು ತಮ್ಮದೇ ಮೊಬೈಲಿಗೆ ಕರೆ ಮಾಡಿ, ತಾವೇ ಎತ್ತಿಕೊಳ್ಳುತ್ತಾರೆ. ಮ್ಯೂಟ್ ಒತ್ತಿ, ಎದುರಿನ ಬಟ್ಟಲಲ್ಲಿ ಲಬ್ಲಾಬಿ ಎಂಬ ಕಡಲೆಕಾಳಿನ ಸಾರು ಆರುತ್ತಿರುವುದನ್ನೂ ಮರೆತು ಎಣಿಸುತ್ತಾರೆ. ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು. ಕರೆ ಸತ್ತಿತು.

"ಸಿಕ್ಕಿಬಿದ್ದೆಯಲ್ಲೋ ಕಳ್ಳ!" ಎಂದು ಅವರು ಬೈಯುವುದು ಮೂಲೆಯ ಕಪಾಟಿನಲ್ಲಿ ಕೂತು ಒಳಹೊರಗಿನ ಸಂಪರ್ಕವನ್ನೆಲ್ಲ ಕಾಯುವ ಫೈರ್‌ವಾಲ್ ಯಂತ್ರಕ್ಕೆ.

ನಲವತ್ತಾರರ ಹೆಣ್ಣುಮಗಳು ವಿದಾದ್ ಹನ್ನೊಂದು ವರ್ಷದಿಂದ ಇಲ್ಲಿಯ ಫೋನು, ಇಂಟರ್ನೆಟ್ಟು ನೋಡಿಕೊಳ್ಳುತ್ತಿದ್ದಾರೆ. ದಿನಕ್ಕೆ ಆರು ಸಾವಿರ ಕರೆ. ಎಲ್ಲ ಸರಿಯಿದ್ದರೆ ಅವರ ಹೆಸರೂ ಯಾರಿಗೂ ನೆನಪಾಗುವುದಿಲ್ಲ. ಅದಕ್ಕೂ ಮೊದಲು ನಾಲ್ಕು ವರ್ಷ ಅವರೂ ಇದೇ ಕುರ್ಚಿಗಳಲ್ಲೊಂದರಲ್ಲಿ ಕೂತು ಫ್ರೆಂಚ್ ಗಿರಾಕಿಗಳ ಬೈಗುಳ ತಿಂದವರು.

ಕಳೆದ ತಿಂಗಳಿಂದ ಸಿಟ್ಟಿಗೆದ್ದ ಗಿರಾಕಿಗಳ ಕರೆಗಳೇ ಕಡಿದುಹೋಗುತ್ತಿವೆ. ವಿದಾದ್ ಅವರನ್ನು ಒಂದು ಮಾತೂ ಕೇಳದೆ ಹೊಸ ಫೈರ್‌ವಾಲ್ ತರಿಸಿದ್ದ ಮ್ಯಾನೇಜರ್ ಲಸ್ಸಾದ್ ಸಾಹೇಬರು, ಹುಡುಗಿಯರೇ ಫೋನ್ ಕುಕ್ಕುತ್ತಾರೆಂದು ತೀರ್ಪು ಕೊಟ್ಟುಬಿಟ್ಟರು. ದೊರ್ಸಾಫ್ ಎಂಬ ಹುಡುಗಿಯ ಕೈಗೆ ವಜಾ ಪತ್ರ ಬಂದಿದೆ. ಇವತ್ತೇ ಅವಳ ಕೊನೆಯ ದಿನ. ಯಂತ್ರದ ತಪ್ಪನ್ನು ಹೆಣ್ಣುಮಕ್ಕಳ ತಲೆಗೆ ಕಟ್ಟುವುದು ಎಷ್ಟು ಸಲೀಸು! ವಿದಾದ್ ಅವರಿಗೆ ಮೈ ಉರಿಯುತ್ತದೆ.

"ಗಿರಾಕಿ ಕೂಗಾಡೋಕೆ ಶುರು ಮಾಡಿದ್ರೆ ನಾವೆಲ್ಲ ಮ್ಯೂಟ್ ಒತ್ತಿ ಅವನ ಏಳು ತಲೆಮಾರನ್ನೂ ಬೈಕೋತೀವಿ. ಇಲ್ದಿದ್ರೆ ಹುಚ್ಚು ಹಿಡಿಯುತ್ತೆ," ಎನ್ನುತ್ತಾರೆ ವಿದಾದ್. "ಆಗ ಈ ಕಡೆಯಿಂದ ಏನೂ ಹೊರಗೆ ಹೋಗಲ್ಲ. ಮೂವತ್ತು ಸೆಕೆಂಡ್ ಕಾದು, ಒಳಗೆ ಯಾರೂ ಇಲ್ಲ ಅಂತ ಈ ಪೆದ್ದು ಯಂತ್ರ ಕರೆಯ ದಾರೀನೇ ಮುಚ್ಚುತ್ತೆ."

ಎಂಟಕ್ಕೆ, ಕುರ್ಚಿಗಳೆಲ್ಲ ತುಂಬಿರುವಾಗ, ಸಾಹೇಬರು ಬಂದು ಗಾಜಿನ ಕೋಣೆ ಸೇರುತ್ತಾರೆ. ವಿದಾದ್ ದೊರ್ಸಾಫ್‌ಳನ್ನು ಪಕ್ಕಕ್ಕೆ ನಿಲ್ಲಿಸಿ ಅವಳ ಕುರ್ಚಿಯಿಂದಲೇ ಸಾಹೇಬರ ಮೊಬೈಲಿಗೆ ಕರೆ ಮಾಡುತ್ತಾರೆ. "ಸಾರ್, ನೀವು ತಂದ ಫೈರ್‌ವಾಲ್ ದಂಡ."

ಸಾಹೇಬರ ಕೂಗಾಟ ಶುರುವಾಗುತ್ತದೆ. ವಿದಾದ್ ಮ್ಯೂಟ್ ಒತ್ತಿ, ಎದ್ದು ನಿಂತು, ಎಲ್ಲರೆದುರು ಎರಡೂ ಕೈ ಮೇಲೆತ್ತುತ್ತಾರೆ. ಮೂವತ್ತು ಸೆಕೆಂಡ್. ಕರೆ ಕಟ್ಟಾಗುತ್ತದೆ, ಸಾಹೇಬರು ಬಾಗಿಲು ದೂಡಿಕೊಂಡು ಬರುತ್ತಾರೆ.

"ನನಗೇ ಫೋನ್ ಕುಕ್ತೀಯಾ?"

"ಕೈ ಇಲ್ಲಿವೆ ಸಾರ್, ನೋಡಿ. ಕುಕ್ಕಿದ್ದು ಯಾರು?"

ಯಾರೋ ಕಿಸಕ್ಕನೆ ನಗುತ್ತಾರೆ. ಸಾಹೇಬರ ಮುಖ ಕೆಂಪಗಾಗುತ್ತದೆ. "ಆಯ್ತು, ಸರಿಮಾಡು."

"ಅದು ಎರಡು ನಿಮಿಷದ ಕೆಲಸ. ಮೊದ್ಲು ಇವಳ ಪತ್ರ ಹರೀರಿ."

"ಪತ್ರಕ್ಕೂ ಯಂತ್ರಕ್ಕೂ ಏನಮ್ಮಾ ಸಂಬಂಧ?"

"ಪತ್ರ ಬರೆಯುವಾಗ ಯಂತ್ರದ ತಪ್ಪನ್ನ ಇವಳಿಗೆ ನೀವೇ ಗಂಟು ಹಾಕಿದ್ದಲ್ವಾ ಸಾರ್?"

ನೂರನಲವತ್ತು ಜನ ನೋಡುತ್ತಿದ್ದಾರೆ. ಸಾಹೇಬರು ಪತ್ರ ಹರಿಯುತ್ತಾರೆ. ತಪ್ಪಾಯಿತು ಎಂಬ ಒಂದು ಮಾತು ಮಾತ್ರ ಅವರ ಬಾಯಿಂದ ಬರುವುದಿಲ್ಲ. ವಿದಾದ್ ಕಪಾಟಿನತ್ತ ನಡೆದರೆ, ದೊರ್ಸಾಫ್ ಕಣ್ಣೊರೆಸಿಕೊಂಡು ಹೆಡ್‌ಸೆಟ್ ಹಾಕಿಕೊಳ್ಳುತ್ತಾಳೆ.

ಇಷ್ಟೆಲ್ಲ ಮಾಡಿದ ನಿಮಗೇನು ಬೇಕು ಎಂದು ಯಾರಾದರೂ ಕೇಳಿದರೆ ವಿದಾದ್ ತಣ್ಣಗಾದ ಲಬ್ಲಾಬಿಯನ್ನು ಕಲಕುತ್ತಾರೆ. "ನಂಗೇನೂ ಬೇಡಪ್ಪ. ಮುಂದಿನ ಸಲ ಕರೆ ಕಟ್ಟಾದ್ರೆ ಸಾಹೇಬ್ರು ಮೊದ್ಲು ನನ್ನ ಕರೀಲಿ. ಹುಡುಗೀರನ್ನ ಬೈಯೋದು ಆಮೇಲಿರ್ಲಿ."