ಕೊನೆ ಹೇಳುವ ವಿಶಾಲಮ್ಮ

ನಮ್ಮ ಬೀದಿಯಲ್ಲಿ ಯಾರ ಮನೆಯ ಹಾಲು ಒಡೆದರೂ ಮೊದಲು ಗೊತ್ತಾಗುವುದು ವಿಶಾಲಮ್ಮನವರಿಗೆ. ಯಾವ ಕಾದಂಬರಿಯಲ್ಲಿ ಯಾರು ಸತ್ತರೂ ಮೊದಲು ಗೊತ್ತಾಗುವುದು ಅವರಿಗೇ. ಹಾಲಿನ ವಿಷಯ ಹೋಗಲಿ ಬಿಡಿ, ನಂಜನಗೂಡಿನಲ್ಲಿ ಅದು ಇದ್ದದ್ದೇ. ಕಾದಂಬರಿಯ ವಿಷಯದಲ್ಲಿ ಮಾತ್ರ ಆ ಹೆಂಗಸು ನಮ್ಮನ್ನು ಇಪ್ಪತ್ತು ವರ್ಷ ಗೋಳು ಹೊಯ್ದುಕೊಂಡರು.

ಪುಸ್ತಕಗಳು ಬರುತ್ತಿದ್ದದ್ದು ಟಿ. ನರಸೀಪುರದಿಂದ. ಅಲ್ಲಿನ ಬಸ್ ಸ್ಟ್ಯಾಂಡ್ ಪಕ್ಕ ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಯಿತ್ತು. ವಿಶಾಲಮ್ಮನವರ ತಂಗಿ ಅದರ ಖಾಯಂ ಗಿರಾಕಿ. ಆಕೆ ಚೀಲಕ್ಕೆ ತುಂಬಿ ಕಂಡಕ್ಟರ್ ಕೈಗೆ ಕೊಟ್ಟರೆ ಚೀಲ ಬಂದು ಇಳಿಯುವುದು ಅಕ್ಕನ ಮನೆಗೆ. ಹಾಗಾಗಿ ಮೊದಲ ಓದು ಅಕ್ಕನದು, ಆಮೇಲೆ ಬೀದಿಯ ಹೆಂಗಸರ ಸರದಿ. ಅವರಿಗೆ ಬೇಕಾದವರಿಗೆ ಬರೀ ಪುಸ್ತಕ ಸಿಗುತ್ತಿತ್ತು. ಬೇಡವಾದವರಿಗೆ ಕೊನೆಯೂ ಸೇರಿ ಸಿಗುತ್ತಿತ್ತು.

ಒಂದು ಯುಗಾದಿಗೆ ನಾನು ಕಳಿಸಿದ ಒಬ್ಬಟ್ಟು ಗಟ್ಟಿಯಾಗಿತ್ತಂತೆ. ಮಾರನೆಯ ದಿನ ಪುಸ್ತಕ ಕೈಗಿಡುತ್ತಾ, "ತಗೊಳವ್ವ ನಾಗರತ್ನ, ಬೋ ಚೆನ್ನಾಗದೆ. ಆ ಡಾಕ್ಟ್ರು ಸತ್ತೋಯ್ತಾನೆ, ಅದೊಂದ್ ಬುಟ್ರೆ ಎಲ್ಲ ಚೆನ್ನಾಗದೆ" ಅಂದರು. ಆ ಡಾಕ್ಟರು ಮುನ್ನೂರು ಪುಟ ಗಟ್ಟಿಮುಟ್ಟಾಗಿ ಬದುಕಿದ್ದ. ನಾನು ಮೊದಲನೆಯ ಪುಟದಿಂದಲೇ ಅವನ ಹೆಣ ಕಾಯುತ್ತಾ ಓದಿದೆ.

ಗಂಡ ತೀರಿಕೊಂಡ ಮೇಲೆ ನಾಲ್ಕು ಎಮ್ಮೆ ಕಟ್ಟಿ ಮಗ ಮಹಾದೇವಸ್ವಾಮಿಯನ್ನು ದಡ ಹತ್ತಿಸಿದ ಗಟ್ಟಿಗಿತ್ತಿ ಅವರು, ಇಲ್ಲ ಅನ್ನುವುದಿಲ್ಲ. ಹಾಲು ಕರೆಯುವಾಗಲೂ ಪಕ್ಕದಲ್ಲಿ ಪುಸ್ತಕ ತೆರೆದಿರುತ್ತಿತ್ತು. ಎಮ್ಮೆಗಳಿಗೂ ಕೊನೆ ಹೇಳಿಬಿಡುತ್ತಿದ್ದರೋ ಏನೋ, ಹಾಲು ಯಾವಾಗಲೂ ನೀರು ನೀರು.

ಎರಡು ವರ್ಷದ ಹಿಂದೆ ಇದ್ದಕ್ಕಿದ್ದಂತೆ ಪುಸ್ತಕ ಕೊಡುವುದನ್ನೇ ನಿಲ್ಲಿಸಿಬಿಟ್ಟರು. "ನೀವು ಎಣ್ಣೆ ಕೈಯಾಗೆ ಮುಟ್ತೀರಿ ಕಣವ್ವ. ಇನ್ಮೇಲೆ ನಾನೇ ಓದ್ಬುಟ್ಟು ಯೋಳ್ತೀನಿ, ಕೇಳ್ಕಳಿ" ಅಂದರು. ಎಂಥ ಜಂಬ ನೋಡಿ! ದಿನಾ ಮಧ್ಯಾಹ್ನ ಪುಸ್ತಕವನ್ನು ತೊಡೆಯ ಮೇಲೆ ಮುಚ್ಚಿಟ್ಟುಕೊಂಡು ಜಗಲಿಯ ಮೇಲೆ ಕತೆ ಹೇಳುವುದು, ನಾಲ್ಕು ದಿನಕ್ಕೊಂದು ಕಾದಂಬರಿ ಮುಗಿಸಿ ಚೀಲವನ್ನು ವಾಪಸ್ ಬಸ್ಸಿಗೆ ಹಾಕುವುದು. ಕತೆಗಳೇನೋ ಸೊಗಸಾಗಿದ್ದವು, ಸುಳ್ಳೇಕೆ ಹೇಳಲಿ. ಎದುರು ಮನೆಯ ಶಾಂತಿ ಒಲೆಯ ಮೇಲೆ ಸಾರಿಟ್ಟು ಬಂದು ಎಷ್ಟೋ ಸಲ ಪಾತ್ರೆ ಸೀಯಿಸಿದ್ದಾಳೆ.

ಈ ವರ್ಷ ನರಸೀಪುರದ ಆ ಅಂಗಡಿ ಮುಚ್ಚಿತು. ಈಗ ಅಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಸದ್ಯ, ಈಯಮ್ಮನ ದರ್ಬಾರು ಮುಗಿಯಿತು ಅಂತ ನನಗೆ ಒಳಗೊಳಗೇ ಖುಷಿ.

ಅಷ್ಟರಲ್ಲಿ ಅವರ ಸೊಸೆ ಲಿಖಿತಾ ಒಂದು ಯಂತ್ರ ತರಿಸಿದಳು. ಅವಳು ದಿನಾ ರೈಲಿನಲ್ಲಿ ಮೈಸೂರಿಗೆ ಕೆಲಸಕ್ಕೆ ಹೋಗುವವಳು. ಪುಸ್ತಕ ಓದುವುದಕ್ಕೆಂದೇ ಮಾಡಿದ ಇ-ರೀಡರ್ ಅಂತೆ ಅದು. ಅಂಗೈಗಿಂತ ಸ್ವಲ್ಪ ದೊಡ್ಡದು, ಇರುವುದರಲ್ಲೆಲ್ಲ ಅಗ್ಗದ್ದು. ಭಾನುವಾರ ಜಗಲಿಗೆ ತಂದು ನಮಗೆಲ್ಲ ತೋರಿಸಿದಳು.

"ಸಾವಿರಾರು ಪುಸ್ತಕ ಹಿಡಿಸುತ್ತೆ ಅಕ್ಕ. ಒಂದ್ಸಲ ಚಾರ್ಜ್ ಹಾಕಿದ್ರೆ ವಾರಗಟ್ಟಲೆ ಬರುತ್ತೆ. ಬಿಸಿಲಲ್ಲೂ ಕಾಗದದ ಥರಾನೇ ಕಾಣುತ್ತೆ. ನೋಡಿ, ಹಿಂಗೆ ಎರಡು ಬೆರಳು ಅಗಲಿಸಿದ್ರೆ ಅಕ್ಷರ ದೊಡ್ಡದಾಗುತ್ತೆ."

"ಯಾಕವ್ವ, ಅಂಗ್ಡಿ ಬೋರ್ಡ್ ಬರ್ಸಾಕಾ?" ಅಂದರು ವಿಶಾಲಮ್ಮ. ನಾವೆಲ್ಲ ನಕ್ಕೆವು.

"ಕರೆಂಟ್ ಇಲ್ದಿದ್ರೆ ಎಂಗೆ ಓದದು?"

"ಇದರೊಳಗೆ ಲೈಟ್ ಇಲ್ಲ ಅತ್ತೆ. ಲೈಟ್ ಇರೋದಕ್ಕೆ ಜಾಸ್ತಿ ದುಡ್ಡು."

"ಪುಟ ತಿರುವುದ್ರೆ ಯಾಕ್ ಇಂಗೆ ಕಪ್ಗಾಯ್ತದೆ? ಜೀವ ಓಯ್ತಾ?"

"ಅದು ಹಂಗೇ ಒಂದ್ಸಲ ಮಿಟುಕುತ್ತೆ. ಕೆಳಗೆ ನೋಡಿ, ಎಷ್ಟು ಪರ್ಸೆಂಟ್ ಓದಿದೀವಿ ಅಂತಾನೂ ತೋರಿಸುತ್ತೆ."

"ಪರ್ಸೆಂಟಾ! ಇದೇನ್ ಕಾದಂಬ್ರಿನೋ, ಎಸ್ಸೆಲ್ಸಿ ಪರೀಕ್ಷೆನೋ? ಓಗ್ಲಿ, ಓದಾದ್ಮೇಲೆ ಒಂದ್ ಪುಸ್ತಕನ ಯಾರ್ಗಾರ ಕೊಡಬೋದಾ?"

"ಒಂದನ್ನೇ ಕೊಡೋಕಾಗಲ್ಲ ಅತ್ತೆ. ಯಂತ್ರ ಕೊಟ್ರೆ ಎಲ್ಲಾನೂ ಕೊಟ್ಟಂಗೆ."

ಆಗ ಅವರ ಮುಖ ನೋಡಬೇಕಿತ್ತು. ಯಂತ್ರ ಯಾರ ಕೈಗೆ ಹೋಗುತ್ತದೋ ಮೊದಲ ಓದು ಅವರದ್ದೇ ಅಂತ ಅವರಿಗೆ ತಕ್ಷಣ ಹೊಳೆಯಿತು, ನನಗೂ ಹೊಳೆಯಿತು. "ಇದು ನಮ್ಮನೆ ಹೊಸ್ಲು ದಾಟ್ಕೂಡ್ದು" ಅಂತ ಅಪ್ಪಣೆ ಆಯಿತು.

ಲಿಖಿತಾಳ ಉತ್ಸಾಹವೂ ಒಂದು ತಿಂಗಳಿನದು. ಬೆಳಗಿನ ರೈಲಿನಲ್ಲಿ ಕೂರಲು ಜಾಗ ಸಿಗುವುದಿಲ್ಲ. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಯಂತ್ರ, ಪುಟ ತಿರುವುವುದಕ್ಕೆ ದೇವರು ಮೂರನೆಯ ಕೈ ಕೊಟ್ಟಿಲ್ಲ. ಅವಳು ಮತ್ತೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಳು. ಯಂತ್ರ ಟಿವಿ ಪಕ್ಕದಲ್ಲಿ ಧೂಳು ತಿನ್ನತೊಡಗಿತು.

ಆಮೇಲೆ ಶುರುವಾಯಿತು ನೋಡಿ ಜಗಲಿಯ ಮೇಲೆ ವಸುಧಾಳ ಕತೆ. ಗಂಡನ ಜೊತೆ ಜಗಳವಾಡಿ ಪೆಟ್ಟಿಗೆ ಹಿಡಿದು ಮನೆ ಬಿಟ್ಟು ಹೊರಟವಳು ವಸುಧಾ. ಪುಸ್ತಕ ಎಲ್ಲಿಂದ ಬಂತು ಅಂತ ಕೇಳಿದರೆ, "ಯಾವತ್ತೋ ಓದಿದ್ದು ಕಣವ್ವ" ಅನ್ನುವುದು. ನಾಲ್ಕು ದಿನಕ್ಕೊಂದು ಕಾದಂಬರಿ ಓಡಿಸುತ್ತಿದ್ದ ಮಹಾತಾಯಿ ಇವಳನ್ನು ಮಾತ್ರ ವಾರಗಟ್ಟಲೆ ಬಸ್ ಸ್ಟಾಪಿನಲ್ಲೇ ನಿಲ್ಲಿಸಿದರು. ಇವತ್ತು ಬಸ್ಸು ಬರಲಿಲ್ಲ, ನಾಳೆಯೂ ಬರಲಿಲ್ಲ. ಬೆಳಗ್ಗೆಯೆಲ್ಲ ಹಿತ್ತಲಿನ ಬಿಸಿಲಿನಲ್ಲಿ ಹಪ್ಪಳ ಒಣಗಿಸುತ್ತೇನೆಂದು ಬಾಗಿಲು ಹಾಕಿಕೊಂಡು ಕೂರುತ್ತಿದ್ದರು. ಹಪ್ಪಳ ಮಾತ್ರ ಯಾರ ಮನೆಗೂ ಬರಲಿಲ್ಲ.

ಹೀಗಿರುವಾಗ ಒಂದು ಶನಿವಾರ ಲಿಖಿತಾ ತವರಿಗೆ, ಹೆಮ್ಮರಗಾಲಕ್ಕೆ, ಹೊರಟಳು. ಹೋಗುವಾಗ ನನ್ನ ಅಡುಗೆಮನೆಗೆ ನುಗ್ಗಿ ಸೆರಗಿನ ಮರೆಯಿಂದ ಯಂತ್ರ ತೆಗೆದುಕೊಟ್ಟಳು. "ಸುಮ್ನೆ ಬಿದ್ದಿದೆ ಅಕ್ಕ, ಎರಡು ದಿನ ಇಟ್ಕೊಂಡು ಓದಿ. ಅತ್ತೆಗೆ ಹೇಳ್ಬೇಡಿ ಮತ್ತೆ."

ತೆರೆದರೆ ಅಕ್ಷರಗಳು ಗುಂಡುಕಲ್ಲಿನಷ್ಟು ದಪ್ಪ! ಒಂದು ಪುಟಕ್ಕೆ ಐದೇ ಮಾತು. ಪಾಪ, ಕಂಪ್ಯೂಟರ್ ನೋಡಿ ನೋಡಿ ಈ ಹುಡುಗಿಯ ಕಣ್ಣು ಹೋಗಿದೆ ಅಂದುಕೊಂಡು, ಬೆರಳು ಹಿಂದೆ ಮುಂದೆ ಆಡಿಸಿ ಅಕ್ಷರ ಸಣ್ಣ ಮಾಡಿದೆ. ಓದಿದರೆ ಅದು ವಸುಧಾಳ ಕತೆ! ನನಗೆ ಮೈಯೆಲ್ಲ ಉರಿದುಹೋಯಿತು. ನಮಗೆ ಹೊಸ್ತಿಲು ದಾಟಕೂಡದು ಅಂದವರು ತಾವೇ ಕದ್ದು ಓದಿ ಮುಗಿಸಿ, ನಮ್ಮನ್ನು ಬೇಕೆಂದೇ ಸತಾಯಿಸುತ್ತಿದ್ದಾರೆ! ಭಾನುವಾರ ಅಡುಗೆಗೆ ಚಿತ್ರಾನ್ನ ಕಲಸಿ ಬಿಸಾಕಿ, ಕೂತ ಕಡೆಯೇ ಕೊನೆಯವರೆಗೂ ಓದಿದೆ. ಡಾಕ್ಟರ ಹೆಣದ ಸೇಡು ತೀರಿಸುವ ದಿನ ಬಂತು ಅಂದುಕೊಂಡೆ.

ಸೋಮವಾರ ಮಧ್ಯಾಹ್ನ ಯಂತ್ರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಜಗಲಿಗೆ ಹೋದೆ. ಶಾಂತಿ ಮಗಳ ಬಾಣಂತನಕ್ಕೆ ನರಸೀಪುರಕ್ಕೆ ಹೊರಟವಳು, "ನಾಳೀಕೆ ಓಯ್ತಾ ಇವ್ನಿ, ಕೊನೆ ಯೋಳ್ಬುಡಿ ದೊಡ್ಡಮ್ಮ" ಅಂತ ಗೋಗರೆಯುತ್ತಿದ್ದಳು. ಕೊನೆ ಹೇಳುವುದಕ್ಕೆಂದೇ ಹುಟ್ಟಿದ ವಿಶಾಲಮ್ಮ ಅವತ್ತು ತಡವರಿಸಿದರು. "ಇನ್ನೂ ಅದೆ ಕಣವ್ವ, ನಿಧಾನುಕ್ಕೆ ಯೋಳ್ತೀನಿ" ಅಂದರು. ಶಾಂತಿ ಬಿಡಲಿಲ್ಲ. ಕೊನೆಗೆ ಶುರು ಮಾಡಿದರು. ಗಂಡ ಬಸ್ ಸ್ಟಾಪಿಗೆ ಓಡಿ ಬರುತ್ತಾನೆ, ಕಾಲಿಗೆ ಚಪ್ಪಲಿಯೂ ಇಲ್ಲ, ಬಂದವನು ಒಂದು ಮಾತೂ ಆಡದೆ ಅವಳ ಪೆಟ್ಟಿಗೆಯನ್ನು ತನ್ನ ತಲೆಯ ಮೇಲೆ ಹೊತ್ತುಕೊಳ್ಳುತ್ತಾನೆ. ಶಾಂತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಸುಳ್ಳು!" ಅಂದೆ ನಾನು. ಯಂತ್ರ ಹೊರಗೆ ತೆಗೆದೆ. "ಅವಳು ವಾಪಸ್ ಬರೋದೇ ಇಲ್ಲ. ಬೇರೆ ಊರಲ್ಲಿ ರೂಮ್ ಹಿಡೀತಾಳೆ. ಗಂಡ ಬಂದು ಬಾಗ್ಲು ತಟ್ತಾನೆ, ಅವಳು ತೆಗೆಯಲ್ಲ. ಅಷ್ಟೇ, ಮುಗೀತು. ಇದ್ರಲ್ಲಿದೆ, ಬೇಕಾದ್ರೆ ನೋಡ್ಕೊಳ್ಳಿ."

ಯಾರೂ ನೋಡಿಕೊಳ್ಳಲಿಲ್ಲ. "ಥೂ, ಏನಕ್ಕ ನೀನು, ಎಲ್ಲ ಆಳ್ ಮಾಡ್ಬುಟ್ಟೆ!" ಅಂತ ಶಾಂತಿ ನನ್ನ ಮೇಲೇ ಹರಿಹಾಯ್ದಳು. ಮೂಲೆಮನೆಯ ಸಾಕಮ್ಮ, "ಪುಸ್ತಕದಾಗೆ ಅಂಗಿದ್ರೆ ಪುಸ್ತಕವೇ ಸರಿಗಿಲ್ಲ, ತಗಿ" ಅಂದು ಎದ್ದಳು. ಎಲ್ಲರೂ ನನ್ನನ್ನು ಬೈದುಕೊಂಡೇ ಮನೆಗೆ ಹೋದರು.

ಜಗಲಿಯ ಮೇಲೆ ನಾವಿಬ್ಬರೇ ಉಳಿದೆವು. ವಿಶಾಲಮ್ಮ ಬೈಯುತ್ತಾರೆ ಅಂತ ಸೊಂಟ ಕಟ್ಟಿ ನಿಂತಿದ್ದೆ. ಅವರು ಸುಮ್ಮನೆ ಕೈ ಚಾಚಿ ಯಂತ್ರ ತೆಗೆದುಕೊಂಡು, ಮೂಗಿನ ಹತ್ತಿರ ತಂದು, ಓರೆಯಾಗಿ ಹಿಡಿದು ನೋಡಿದರು.

"ಅಕ್ಷರ ಎಲ್ಲೋದವು?"

"ಸಣ್ಣ ಮಾಡಿದೀನಿ ದೊಡ್ಡಮ್ಮ. ಯಾರೋ ಸಿಕ್ಕಾಪಟ್ಟೆ ದಪ್ಪ ಮಾಡಿಟ್ಟಿದ್ರು."

"ನಾನೇಯ. ದೊಡ್ದು ಮಾಡೋದ್ನ ಲಿಖಿತಾ ಅವತ್ತು ತೋರುಸುದ್ಲು. ಸಣ್ದು ಮಾಡೋದ್ನ ತೋರುಸ್ಲಿಲ್ಲ."

ನಾನು ಜಗಲಿಯ ಮೇಲೆ ಅವರ ಪಕ್ಕ ಕೂತೆ.

"ಎರಡ್ ವರ್ಷದಿಂದ ಅಕ್ಷರ ಕಾಣಾಕಿಲ್ಲ ಕಣೆ. ಕಣ್ಣಿನ ನರ ಒಣಗ್ಬುಟ್ಟದೆ, ಆಪ್ರೇಸನ್ ಮಾಡುದ್ರೂ ಬರಾಕಿಲ್ಲ ಅಂದ್ರು ಡಾಕ್ಟ್ರು. ಮಗನ್ಗೊಬ್ನಿಗೆ ಗೊತ್ತು. ಬೀದೀಗೆ ಗೊತ್ತಾಗದು ಬ್ಯಾಡ ಅಂದಿದ್ದೆ."

"ಮತ್ತೆ ಅಷ್ಟು ದಿನ ಹೇಳಿದ ಕತೆಗಳು?"

"ರಟ್ಟಿನ ಮ್ಯಾಲಿನ ಚಿತ್ರ ಮಬ್ಬುಮಬ್ಬಾಗಿ ಕಾಣ್ತಿತ್ತು. ಸೀರೆ ಬಣ್ಣ ನೋಡ್ಕಂಡು ನಾನೇ ಕಟ್ದೆ." ಯಂತ್ರದ ಮೇಲೆ ಕೈಯಾಡಿಸಿದರು. "ಇದೊಂದೇ ಕಣೆ ನಾನ್ ನಿಜವಾಗ್ಲೂ ಓದ್ತಿದ್ದುದು. ಬಿಸ್ಲಲ್ಲಿ ಹಿಡುದ್ರೆ ಐದ್ ಮಾತು ಕಾಣ್ತಿದ್ವು. ಆಮೇಲೆ ಇನ್ನೈದು. ಇನ್ನೂ ಅರ್ಧುಕ್ಕೂ ಬಂದಿರ್ಲಿಲ್ಲ."

ಈ ಹೆಂಗಸಿನ ಮೇಲಿನ ಇಪ್ಪತ್ತು ವರ್ಷದ ಸಿಟ್ಟು ನನಗೆ ಹೋಗಿರಲಿಲ್ಲ. ಆದರೂ ನನ್ನ ನಾಲಿಗೆಗೆ ಬೆಂಕಿ ಹಾಕ ಅನ್ನಿಸಿ ಅಳು ಬಂತು.

"ನಿಜವಾಗ್ಲೂ ವಾಪಸ್ ಬರಾಕಿಲ್ವಾ ಅವ್ಳು?"

"ಬರ್ತಾಳೆ ದೊಡ್ಡಮ್ಮ. ನಾನು ಹೊಟ್ಟೆಕಿಚ್ಚಿಗೆ ಬಾಯಿಗೆ ಬಂದದ್ದು ಹೇಳ್ದೆ. ಕೊನೇಲಿ ಗಂಡ ಬರ್ತಾನೆ, ಕಾರಲ್ಲಿ... ತಪ್ಪಾಯ್ತು ಅಂತಾನೆ..."

"ಆಮೇಲೆ?"

"ಆಮೇಲೆ... ಇಬ್ರೂ ಚೆನ್ನಾಗಿರ್ತಾರೆ."

ಅವರು ನನ್ನ ಮುಖವಿದ್ದ ಕಡೆ ತಿರುಗಿದರು. "ಕೊನೆ ಕಟ್ಟಾಕೆ ನಿಂಗ್ ಬರಾಕಿಲ್ಲ ಕಣೆ ನಾಗರತ್ನ. ತಗೋ, ಅಕ್ಷರ ದೊಡ್ದು ಮಾಡ್ಕೊಡು."

ಎರಡು ಬೆರಳು ಅಗಲಿಸಿದೆ. ಯಂತ್ರ ನಾನು ಬಿಟ್ಟಿದ್ದ ಕೊನೆಯ ಪುಟದಲ್ಲೇ ನಿಂತಿತ್ತು. ಅಷ್ಟು ಅಗ್ಗದ ಯಂತ್ರಕ್ಕೆ ಇಬ್ಬರ ಜಾಗ ನೆನಪಿಟ್ಟುಕೊಳ್ಳಲು ಬರುವುದಿಲ್ಲ.

"ನೀವು ಎಲ್ಲಿದ್ರಿ ದೊಡ್ಡಮ್ಮ?"

"ಬಸ್ಸು ಬಂತು. ಒಂದ್ ಕಾಲು ಮ್ಯಾಲಿಟ್ಟವ್ಳೆ."

ಹಿಂದಕ್ಕೆ ಹಿಂದಕ್ಕೆ ತಿರುವುತ್ತಾ ಹೋದೆ. ಪ್ರತಿ ಸಲವೂ ಅದು ಕಪ್ಪಗೆ ಮಿಟುಕಿ, ಯೋಚನೆ ಮಾಡಿ, ಇನ್ನೈದು ಮಾತು ತೋರಿಸುತ್ತಿತ್ತು. ಕಾಫಿ ಹೊತ್ತು ಮೀರಿದ ಮೇಲೆ ಬಸ್ಸು ಸಿಕ್ಕಿತು. ವಿಶಾಲಮ್ಮ ಯಂತ್ರ ಹಿಡಿದು ಬಿಸಿಲು ಉಳಿದಿದ್ದ ಜಗಲಿಯ ತುದಿಗೆ ಸರಿದು, ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದತೊಡಗಿದರು.

"ವಸುಧಾ... ಇನ್ನೊಂದು... ಕಾಲನ್ನೂ... ಎತ್ತಿ..."