ಗಾಜಿನ ಚಾಕುವಿನ ಅಣ್ಣ

ಪ್ರಯೋಗಾಲಯದಲ್ಲಿ ನಾವೆಲ್ಲ ಅಣ್ಣ ಎನ್ನುತ್ತಿದ್ದವರ ಎಡಗಣ್ಣಿನ ರೆಪ್ಪೆಯಲ್ಲಿ ಅರ್ಧಕ್ಕರ್ಧ ಕೂದಲಿರಲಿಲ್ಲ. ಒಂದೊಂದೇ ಕಿತ್ತು ಕಡ್ಡಿಯ ತುದಿಗೆ ಅಂಟಿಸಿ, ನೀರಿನ ಮೇಲೆ ತೇಲುವ ತೆಳು ಚೂರುಗಳನ್ನು ಅದರಿಂದ ಸರಿಸುತ್ತಿದ್ದರು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಲು ಹುಳುವಿನ ಅಂಗಾಂಶವನ್ನು ಗಾಜಿನ ಚಾಕುವಿನಿಂದ ಕತ್ತರಿಸಿಕೊಡುವುದು ಅವರ ಕೆಲಸ. ಉರಿಗಾಂನ ಚಿನ್ನದ ಗಣಿ ಕಾರ್ಮಿಕನ ಮಗ. "ಚೂರು ಬೆಳ್ಳಿ ಬಣ್ಣಕ್ಕೆ ಒಳೆದ್ರೆ ಸರಿ ಕಣಮ್ಮ. ಚಿನ್ನದ ಬಣ್ಣ ಬಂತಾ, ದಪ್ಪ ಆಯ್ತು, ಬಿಸಾಕು. ನಮ್ಮಪ್ಪ ಕೇಳಿದ್ರೆ ಒದೀತಿದ್ದ!" ಎಂದು ನಗುತ್ತಿದ್ದರು.

ಎಂಬತ್ತರ ದಶಕದ ಮಾತು. ನಾನು ಬಂಗಾರಪೇಟೆಯಿಂದ ದಿನಾ ರೈಲಿನಲ್ಲಿ ಬೆಂಗಳೂರಿನ ಪ್ರಯೋಗಾಲಯಕ್ಕೆ ಹೋಗುತ್ತಿದ್ದ ಸಂಶೋಧನಾ ವಿದ್ಯಾರ್ಥಿನಿ. ಗುಡಿಸಲಿಗೆ ಬಿದಿರ ಗಳ ಇದ್ದಂತೆ ಜೀವಕೋಶಕ್ಕೆ ಆಸರೆಯಾಗಿರುವ ಸೂಕ್ಷ್ಮ ಕೊಳವೆಗಳನ್ನು ರೇಷ್ಮೆಹುಳುವಿನಲ್ಲಿ ಹುಡುಕುವುದು ನನ್ನ ವಿಷಯ. ಮನೆಯಲ್ಲಿ ಸಾಕಿದ ಹುಳುಗಳನ್ನೇ, ಕೆಡಬಾರದೆಂದು ಐಸು ತುಂಬಿದ ಡಬ್ಬಿಯಲ್ಲಿ ಒಯ್ಯುತ್ತಿದ್ದೆ. ಅದೇ ಗಾಡಿಗೆ ಬರುತ್ತಿದ್ದ ಅಣ್ಣ ಒಮ್ಮೆ ಮುಚ್ಚಳ ತೆಗೆದು ನೋಡಿದರು.

"ಅಯ್ಯೋ ಪಾಪ, ಮರಗಟ್ಟೋಗವೆ. ಸೊಪ್ಪಿನ ಮೇಲೇ ಇಟ್ಕೊಂಡ್ ಬಾಮ್ಮ. ಐಸಲ್ಲಿಟ್ಟಿದ್ರಲ್ಲಿ ಕೊಳವೆ ಕಾಣಲ್ಲ, ನಾನ್ ನೋಡಿವ್ನಿ."

"ನೀವು ಕತ್ತರಿಸೋದು ನೋಡ್ಕೊಳ್ಳಿ ಅಣ್ಣ, ಮಿಕ್ಕಿದ್ದು ನಂಗೊತ್ತು," ಎಂದೆ. ಎಂಥ ಸೊಕ್ಕು ನನಗೆ!

ನಾಲ್ಕು ತಿಂಗಳಾದರೂ ಒಂದು ಕೊಳವೆಯೂ ಕಾಣಲಿಲ್ಲ. ಗುರುಗಳು ರೇಗಿದರು. "ಸರ್, ಚೂರುಗಳೇ ಸರಿಯಿಲ್ಲ. ಅವರ ಕೈ ನಡುಗುತ್ತೆ," ಎಂದುಬಿಟ್ಟೆ. ಅಣ್ಣ ಅಲ್ಲೇ ನಿಂತಿದ್ದರು. ನನ್ನ ಮುಖ ನೋಡಿದರು. ಮಾರನೆಯ ದಿನದಿಂದ ಅವರನ್ನು ಸೀಸೆ ತೊಳೆಯಲು ಹಾಕಿದರು.

ಆಮೇಲೊಂದು ದಿನ ಐಸು ಸಿಗಲಿಲ್ಲ. ಹುಳುಗಳನ್ನು ಸೊಪ್ಪಿನ ಮೇಲೇ ತಂದೆ. ಅಣ್ಣನ ಜಾಗಕ್ಕೆ ಬಂದ ಹೊಸಬ ಕತ್ತರಿಸಿದ ಒರಟು ಚೂರಿನಲ್ಲೂ ಕೊಳವೆಗಳು ಪುಟ್ಟ ಬಳೆಗಳ ಹಾಗೆ ಸಾಲಾಗಿ ಕಂಡವು. ಇಷ್ಟು ದಿನ ಚಳಿಗೆ ಅವು ಕರಗಿಹೋಗುತ್ತಿದ್ದವು. ಗುರುಗಳಿಗೆ ಒಂದು ಮಾತು ಹೇಳಿದ್ದರೆ ಅಣ್ಣ ಮತ್ತೆ ಕತ್ತರಿಸುವ ಯಂತ್ರದ ಮುಂದೆ ಕೂರುತ್ತಿದ್ದರು. ಎಲ್ಲಿ ನನ್ನ ಪದವಿಗೆ ಕುತ್ತು ಬರುತ್ತದೋ ಎಂದು ಬಾಯಿ ಮುಚ್ಚಿಕೊಂಡೆ. ಥೂ, ನನ್ನ ಜನ್ಮಕ್ಕಿಷ್ಟು!

ನಿವೃತ್ತಿಯವರೆಗೂ ಅವರು ಸೀಸೆ ತೊಳೆದರು. ರೈಲಿನಲ್ಲಿ ಮಾತ್ರ ಎಂದಿನಂತೆ ಸರಿದು, "ಬಾಮ್ಮ, ಕೂತ್ಕೊ" ಎನ್ನುತ್ತಿದ್ದರು.

ಅವರು ತೀರಿಕೊಂಡ ಸುದ್ದಿ ಕೇಳಿ ಉರಿಗಾಂನ ಮನೆಗೆ ಹೋದೆ. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡರು. "ಅವ್ರ ಕೈ ನಡುಗಿ ನಿನ್ನ ಓದು ತಡ ಆಯ್ತಂತೆ. ಕೊನೇವರ್ಗೂ ಅದ್ನೇ ಏಳ್ತಿದ್ರು. ಮನಸ್ಸಲ್ಲಿ ಇಟ್ಕೋಬೇಡಮ್ಮ, ಕ್ಷಮಿಸ್ಬಿಡು."

"ಆಗಲಿ," ಎಂದು ತಲೆಯಾಡಿಸಿ ಬಂದೆ.