ಗೌರವ್ವ ಚಿಗವ್ವನ ಹೊಸ ಹತ್ತಿ

ಬೇವೂರಿನಲ್ಲಿ ನಮ್ಮ ಓಣಿಯ ಹೆಂಗಸರಿಗೆಲ್ಲ ಕುಪ್ಪಸ ಹೊಲಿದುಕೊಡುತ್ತಿದ್ದವಳು ಗೌರವ್ವ ಚಿಗವ್ವ, ನಮ್ಮ ಕಾಕಾನ ಹೆಂಡತಿ. ಆಕೆಗಿದ್ದದ್ದು ಒಂದೇ ಮೊಲೆ. ಎಡಗಡೆಯದರಲ್ಲಿ ಕೆಟ್ಟ ಗಂಟು ಬೆಳೆದಿತ್ತೆಂದು ನಾನು ಹುಟ್ಟುವ ಮೊದಲೇ ದೂರದ ದವಾಖಾನೆಯೊಂದರಲ್ಲಿ ಕೊಯ್ದು ತೆಗೆದಿದ್ದರು. ಕಾಕಾ ಆಕೆಯನ್ನು ಚಕ್ಕಡಿಯಲ್ಲಿ ತಳಕಲ್ಲಿಗೆ ಕರೆದೊಯ್ದು ರೈಲು ಹತ್ತಿಸಿದಾಗ, ಇನ್ನು ತಿರುಗಿ ಬರುವುದಿಲ್ಲವೆಂದೇ ಊರು ಅತ್ತಿತ್ತಂತೆ. ಬಂದಳು. ಬಂದು ಹದಿನೆಂಟು ವರ್ಷ ಬಾಳಿದಳು!

ಕೊಯ್ದ ಮೇಲೆ ಆ ಕಡೆಯ ಎಡಗೈ ಸದಾ ಬಾತಿರುತ್ತಿತ್ತು. ಬೀಸುಕಲ್ಲು ತಿರುವಲು, ಕೊಡ ಎತ್ತಲು ಆಗುತ್ತಿರಲಿಲ್ಲ. ಆ ಕೈಯನ್ನು ಮೊಣಕಾಲ ಮೇಲೆ ಮಲಗಿಸಿ, "ಏ ಮೈಗಳ್ಳಿ, ಕುಂದ್ರ ನೀನು" ಎಂದು ಅದನ್ನೇ ಬೈಯುತ್ತ, ಬಲಗೈಯೊಂದರಿಂದಲೇ ರೊಟ್ಟಿ ಬಡಿಯುತ್ತಿದ್ದಳು. ಅಂಥ ತೆಳ್ಳನೆಯ ರೊಟ್ಟಿ ನಾನಂತೂ ಎರಡು ಕೈಯಿಂದಲೂ ಇಂದಿಗೂ ಬಡಿದಿಲ್ಲ.

ಹೊಲಿಸುವ ನೆಪದಲ್ಲಿ ಯಾರಾದರೂ ಬಂದು ಎದೆಯ ಗಂಟಿನ ಮಾತು ಪಿಸುಗುಟ್ಟಿದರೆ, "ಮುಚ್ಚಿಟ್ಕೊಂಡು ಕುಂದರಬ್ಯಾಡ. ಗಂಡಗ ನೀ ಹೇಳ್ತಿಯೋ, ನಾ ಹೇಳ್ಲೋ?" ಎಂದು ಜಬರಿಸುವಳು.

ತನ್ನ ಕುಪ್ಪಸದ ಎಡಕ್ಕೆ ಹಳೆ ಸೀರೆಯ ಅರಿವೆಯಲ್ಲಿ ಹೊಲಿದ ಹತ್ತಿಯ ಸಣ್ಣ ಚೀಲ ಇಟ್ಟುಕೊಳ್ಳುತ್ತಿದ್ದಳು. ಹೊಲದಿಂದ ಹೊಸ ಹತ್ತಿ ಬಂದಾಗೆಲ್ಲ ಹಳೆಯದನ್ನು ತೆಗೆದು ಹೊಸದು ತುಂಬುವಳು. ಬೀಜ ಬಿಡಿಸಿ ಕೊಡುವುದು ನನ್ನ ಕೆಲಸ. "ನಿಮ್ಮವು ಜೋತು ಬೀಳ್ತಾವ. ನಂದು ನೋಡ್ರಿ, ವರ್ಷಾ ಹೊಸಾದು!" ಎಂದು ನೆರೆಯವರನ್ನು ನಗಿಸುವಳು. ಈಗಲೂ ಹತ್ತಿ ಒಡೆದದ್ದು ಕಂಡರೆ ಆ ನಗು ಒಮ್ಮೆ ಕೇಳಬೇಕೆಂದು ಜೀವ ಹಂಬಲಿಸುತ್ತದೆ.

ಆದರೆ ಆಕೆ ಅತ್ತದ್ದನ್ನೂ ನಾನು ಕಂಡಿದ್ದೇನೆ. ಅಕ್ಕನ ಮದುವೆಯಲ್ಲಿ ಅವ್ವ ಮುತ್ತೈದೆಯರ ಉಡಿ ತುಂಬುತ್ತಿದ್ದಳು. ಚಿಗವ್ವನಿಗೆ ಅಕ್ಕಿ ಹಾಕಿದಳು, ಕಾಯಿ ಇಟ್ಟಳು, ಕುಪ್ಪಸದ ಖಣ ಮಾತ್ರ ಇಡಲಿಲ್ಲ. ಚಿಗವ್ವ ಸೆರಗು ಹಿಡಿದೇ ನಿಂತಳು.

"ಯಕ್ಕಾ, ನನ್ನ ಖಣ ಎಲ್ಲೈತಿ?"

ಅವ್ವ ತಡವರಿಸಿದಳು. "ಖಣ ನೋಡಿದ್ರ ನಿನಗ ಸಂಕಟ ಆಗ್ತೈತೇನೋ ಅಂದ್ಕೊಂಡೆವ್ವಾ."

"ಮೈಯಾಗಿಂದ ಒಂದು ತುಂಡು ಹೋಗೈತಿ ಯಕ್ಕಾ. ನಾ ಇಲ್ಲೇ ಅದೀನಲ್ಲ?"

ಅವ್ವ ಓಡಿಹೋಗಿ ಖಣ ತಂದಳು. ಅಷ್ಟರಲ್ಲಿ ಚಿಗವ್ವ ಹಿತ್ತಲಿಗೆ ಹೋಗಿ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ಆ ಖಣ ಆಕೆ ಇಸಿದುಕೊಳ್ಳಲಿಲ್ಲ. ಅವ್ವನಿಗೆ ಅದೊಂದು ಮುಳ್ಳಾಗಿ ಉಳಿಯಿತು.

ನನ್ನನ್ನು ಅಳವಂಡಿಗೆ ಕೊಟ್ಟರು. ಹೊರಡುವಾಗ ಚಿಗವ್ವ ನನ್ನ ಗಲ್ಲ ಹಿಡಿದು, "ಹತ್ತಿ ಬಿಡಿಸೂದ್ರಾಗ ಬರ್ತಿಯಲ್ಲ? ನೀ ಬಿಡಿಸಿದ್ದ ಭಾಳ ಮೆತ್ತಗಿರತೈತಿ" ಎಂದಳು. ಎರಡು ವರ್ಷ ತಪ್ಪದೆ ಹೋದೆ. ಮೂರನೆಯ ವರ್ಷ ಬಾಣಂತನದಿಂದಾಗಿ ತಡವಾಯಿತು. ಆಕೆಗೆ ಜ್ವರ ಜೋರಾಗಿದೆಯೆಂದು ತಿಳಿದು, ಹತ್ತಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದೆ. ನಾನು ತಲುಪುವಷ್ಟರಲ್ಲಿ ಜೀವ ಹೋಗಿ, ಚಿಗವ್ವನನ್ನು ನಮ್ಮ ಪದ್ಧತಿಯಂತೆ ಗೋಡೆಗೆ ಆನಿಸಿ ಕೂಡ್ರಿಸಿದ್ದರು. ಹಸಿರು ಸೀರೆ, ಹಣೆತುಂಬ ಕುಂಕುಮ. ಎಡಗಡೆ ಬರಿದಾಗಿತ್ತು. ಮೈ ತೊಳೆದವರು ಇನ್ಯಾಕೆ ಬೇಕೆಂದು ಆ ಚೀಲವನ್ನು ಮೂಲೆಗೆ ಎಸೆದಿದ್ದರು.

ಸೆರಗು ಬಿಚ್ಚಿ ಅವ್ವನಿಗೆ ತೋರಿಸಿದೆ. ಅವ್ವ ಗಂಡಸರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿದಳು. ನಾನು ಚೀಲ ಹೆಕ್ಕಿ ಹೊಸ ಹತ್ತಿ ತುಂಬಿದೆ. ಅವ್ವ ತಾನೇ ಕುಪ್ಪಸದ ಗಂಟು ಬಿಚ್ಚಿ, ಚೀಲ ಇಟ್ಟು, ತಿರುಗಿ ಗಂಟು ಹಾಕಿದಳು. ಆಮೇಲೆ ತನ್ನ ಪೆಟ್ಟಿಗೆ ತೆರೆದು, ಅಂದು ಉಳಿದಿದ್ದ ಖಣವನ್ನೇ ತಂದು ಆಕೆಯ ಉಡಿಯಲ್ಲಿ ಇಟ್ಟಳು.

"ತಗೋ ಗೌರವ್ವ, ನಿನ್ನ ಖಣ. ಇವತ್ತರ ಇಸ್ಕೊಳ್ಳವ್ವಾ."